ಅಲ್ಲಾಡಿದವರನ್ನು ಹಿಡಿಯುವ ಡಬ್ಬ

ನನ್ನ ಫೋಟೋಗಳಲ್ಲಿ ಮಸುಕಾಗಿ ಬಂದವರೆಲ್ಲ ಅಲ್ಲಾಡಿದವರು. ಹೊಸೂರಿನಲ್ಲಿ ಅಂಗಡಿ ತೆರೆದ ಮೊದಲ ವಾರದಿಂದಲೂ ನಾನು ಹೇಳಿಕೊಂಡು ಬಂದ ಸುಳ್ಳು ಇದು. ಮದುಮಗನ ಮೂಗು ಕಾಣದಿದ್ದರೆ ಮದುಮಗ ಅಲ್ಲಾಡಿದ್ದ. ಬೀಗರ ಮೀಸೆ ಎರಡೆರಡಾಗಿ ಬಂದಿದ್ದರೆ ಬೀಗರು ಅಲ್ಲಾಡಿದ್ದರು. ಒಂದು ಸಲವಂತೂ ಛತ್ರದ ಕಲ್ಲುಕಂಬವೇ ಮಸುಕಾಗಿ ಬಂತು. ಏನು ಹೇಳಬೇಕೆಂದು ತೋಚದೆ, ಕಂಬಕ್ಕೆ ಒರಗಿ ನಿಂತವರು ಅಲ್ಲಾಡಿದ್ದಾರೆ ಅಂದುಬಿಟ್ಟೆ. ಪಾಪ, ಅವರು ನಂಬಿದರು. ಇನ್ನೊಂದು ಸಲ ಹೀಗಾಗುವುದಿಲ್ಲ ಸ್ವಾಮಿ, ತಪ್ಪಾಯಿತು ಅಂತ ನನ್ನನ್ನೇ ಕ್ಷಮೆ ಕೇಳಿದರು. ನಾನೂ ದೊಡ್ಡ ಮನಸ್ಸು ಮಾಡಿ ಕ್ಷಮಿಸಿದೆ.

ನಿಜ ಸಂಗತಿ ಬೇರೆ. ನನ್ನ ಕ್ಯಾಮೆರಾ ಮೂರು ಕಾಲಿನ ಮೇಲೆ ನಿಲ್ಲುವ ದೊಡ್ಡ ಮರದ ಪೆಟ್ಟಿಗೆ. ಮುಂದೆ ಲೆನ್ಸು ಕೂರುವ ಹಲಗೆ, ಹಿಂದೆ ಗಾಜಿನ ಪ್ಲೇಟು ಕೂರುವ ಜಾಗ, ನಡುವೆ ಹಾರ್ಮೋನಿಯಂನಂತೆ ಮಡಿಕೆ ಮಡಿಕೆಯ ಚರ್ಮ. ಆ ಮುಂದಿನ ಹಲಗೆ ಬೇಸಿಗೆಯಲ್ಲಿ ಒಣಗಿ ಕುಗ್ಗಿ ಸಡಿಲವಾಗಿತ್ತು. ಲೆನ್ಸಿನ ಮುಚ್ಚಳ ತೆಗೆಯುವಾಗ ನನ್ನ ಕೈ ತಾಗಿ ಅದೇ ಅಲ್ಲಾಡುತ್ತಿತ್ತು. ಆಚಾರಿಗೆ ಹೇಳಿ ಎರಡು ಮೊಳೆ ಹೊಡೆಸಿದ್ದರೆ ಮುಗಿಯುತ್ತಿತ್ತು. ಆದರೆ ಕ್ಯಾಮೆರಾದಲ್ಲಿ ದೋಷವಿದೆ ಅಂತ ಆಚಾರಿಗೆ ಗೊತ್ತಾದರೆ ಊರಿಗೆಲ್ಲ ಗೊತ್ತಾದ ಹಾಗೆ. ಆದ್ದರಿಂದ ಮೊಳೆ ಹೊಡೆಸುವ ಬದಲು ಊರಿನವರನ್ನೇ ಗದರಿಸುತ್ತ ಬಂದೆ. ಫೋಟೋ ತೆಗೆಯುವ ಮೊದಲು ಕನ್ನಡ, ತಮಿಳು, ತೆಲುಗು ಮೂರರಲ್ಲೂ ಕೂಗುತ್ತಿದ್ದೆ: "ಅಲ್ಲಾಡಬೇಡಿ! ಅಸೆಯಾದೀಂಗ! ಕದಲೊದ್ದು!" ಮೂರು ಭಾಷೆಯಲ್ಲಿ ಬೈಸಿಕೊಂಡ ಮೇಲೆ ಯಾರಿಗೆ ತಾನೇ ಅಲ್ಲಾಡುವ ಧೈರ್ಯ ಇರುತ್ತದೆ?

ಇಷ್ಟರ ಮೇಲೆ ಒಂದು ಹಿತ್ತಾಳೆ ಲೆನ್ಸು ನನ್ನ ಕೈಗೆ ಬಂತು. ಯುದ್ಧದ ಕಾಲ. ಹೊಸ ಲೆನ್ಸು ಹಾಗಿರಲಿ, ಪ್ಲೇಟು ಸಿಗುವುದೇ ಕಷ್ಟವಾಗಿತ್ತು. ಊರು ಬಿಟ್ಟು ಹೊರಟಿದ್ದ ಒಬ್ಬ ಬಿಳಿ ದೊರೆಯ ಬಂಗಲೆಯಲ್ಲಿ ಸಾಮಾನು ಹರಾಜು ಹಾಕುತ್ತಾರೆಂದು ಕೇಳಿ, ಅಂಗಡಿಗೆ ಒಂದು ಒಳ್ಳೆಯ ಕುರ್ಚಿ ತರೋಣವೆಂದು ಹೋದೆ. ಕುರ್ಚಿ ಬೇರೆಯವರ ಪಾಲಾಯಿತು. ನಾನು ಲೆನ್ಸು ಎತ್ತಿಕೊಂಡು ಮನೆಗೆ ಬಂದೆ. ನಮ್ಮಪ್ಪ ಹುಟ್ಟುವ ಮೊದಲೇ ಮಾಡಿದ್ದು ಅದು. ಒಳ್ಳೇ ಚೊಂಬಿನ ಗಾತ್ರ, ಅದಕ್ಕಿಂತ ಹೆಚ್ಚು ತೂಕ. ಹೆಂಡತಿ ಅದನ್ನು ತಿರುಗಿಸಿ ನೋಡಿದಳು.

"ಏನಂದ್ರೆ, ಕುರ್ಚಿ ತರ್ತೀನಿ ಅಂತ ಹೋಗಿ ಚೊಂಬು ತಂದಿದ್ದೀರಲ್ಲ. ಅದಕ್ಕೂ ತಳ ಇಲ್ಲ."

ಲೆನ್ಸಿನ ಮೇಲೆ ಕೊರೆದಿದ್ದ ಹೆಸರನ್ನು ಓದಲು ನನ್ನ ಇಂಗ್ಲಿಷು ಸಾಲದು. ಜರ್ಮನಿಯದು ಅಂತ ಎಲ್ಲರಿಗೂ ಹೇಳಿದೆ. ಆಮೇಲೆ ಯುದ್ಧ ನಡೆದಿರುವುದು ಜರ್ಮನಿಯ ಜೊತೆಗೇ ಎಂದು ನೆನಪಾಗಿ, ಪೊಲೀಸಿನವರ ಭಯಕ್ಕೆ ಇಂಗ್ಲೆಂಡಿನದು ಎಂದು ಬದಲಾಯಿಸಿದೆ. ಕೊನೆಗೊಂದು ದಿನ ಓದು ಬಲ್ಲವರೊಬ್ಬರು ಬಂದು ಇದು ಫ್ರೆಂಚರದ್ದು ಅಂದರು. ಅಷ್ಟು ಹೊತ್ತಿಗೆ ಅದರ ಮೇಲಿನ ನನ್ನ ಪ್ರೀತಿ ದೇಶ ಮೀರಿ ಬೆಳೆದಿತ್ತು.

ಲೆನ್ಸಿನ ಜೊತೆ ಒಂದು ಹಳೆಯ ಷಟರೂ ಬಂದಿತ್ತು. ಲೆನ್ಸಿನ ಮುಂದೆ ಸಿಕ್ಕಿಸುವ ಸಣ್ಣ ಮರದ ಪೆಟ್ಟಿಗೆ ಅದು. ಒಳಗೆ ಸ್ಪ್ರಿಂಗಿಗೆ ಸುತ್ತಿದ ಕರಿ ಬಟ್ಟೆ, ಹೊರಗೆ ರಬ್ಬರ್ ಬುಡ್ಡೆ. ಬುಡ್ಡೆ ಒತ್ತಿದರೆ ಬಟ್ಟೆ ಸರ್ರನೆ ಇಳಿದು ಕ್ಷಣಮಾತ್ರ ಬೆಳಕು ಬಿಟ್ಟು ಮುಚ್ಚಿಕೊಳ್ಳಬೇಕು. ನನಗೆ ಸಿಕ್ಕಾಗ ಬಟ್ಟೆಯನ್ನು ನುಸಿ ತಿಂದಿತ್ತು, ರಬ್ಬರು ಕೈಗೆ ಅಂಟುತ್ತಿತ್ತು. ಮಾವನವರ ಕೊಡೆಯಿಂದ ಬಟ್ಟೆ ಕತ್ತರಿಸಿ ತೇಪೆ ಹಾಕಿದೆ. ಮಾವನವರು ಆ ಕೊಡೆ ಎಲ್ಲಿ ಹೋಯಿತೆಂದು ಇವತ್ತಿಗೂ ಕೇಳುತ್ತಾರೆ. ಕೆಟ್ಟು ನಿಂತಿದ್ದ ಬಸ್ಸೊಂದರ ಹಾರ್ನಿನ ಬುಡ್ಡೆ ತಂದು ಸಿಕ್ಕಿಸಿದೆ. ಒತ್ತಿದರೆ ಬಟ್ಟೆ ಇಳಿಯುವ ಮೊದಲು "ಪುಸ್" ಅಂತ ಒಂದು ಸದ್ದು ಬರುತ್ತಿತ್ತು. ಕೂತವರು ಬೆಚ್ಚಿ ನನ್ನ ಕಡೆ ನೋಡುತ್ತಿದ್ದರು. ಅದು ನಾನಲ್ಲ ಎಂದು ಪ್ರತಿ ಸಲವೂ ಹೇಳಬೇಕಾಗುತ್ತಿತ್ತು.

ಬೆಳಕು ಕಡಿಮೆ ಮಾಡಬೇಕೆಂದರೆ ಲೆನ್ಸಿನ ನಡುವಿನ ಸೀಳಿನಲ್ಲಿ, ತೂತು ಕೊರೆದ ತಗಡಿನ ಬಿಲ್ಲೆ ಇಳಿಸಬೇಕು. ತೂತು ಸಣ್ಣದಾದಷ್ಟೂ ಚಿತ್ರ ಚೂಪು, ಆದರೆ ಹೆಚ್ಚು ಹೊತ್ತು ಮುಚ್ಚಳ ತೆಗೆದಿರಬೇಕು. ದೊರೆಯ ಬಿಲ್ಲೆಗಳು ಕಳೆದುಹೋಗಿದ್ದವು. ಬಿಸ್ಕತ್ತಿನ ಡಬ್ಬಿ ಕತ್ತರಿಸಿ ನಾನೇ ನಾಲ್ಕು ಮಾಡಿಕೊಂಡೆ. ಇಷ್ಟೆಲ್ಲ ಮಾಡಿದವನು ಹಲಗೆಗೂ ಎರಡು ಮೊಳೆ ಹೊಡೆದೆ. ಅಷ್ಟು ಭಾರದ ಲೆನ್ಸು ಬಿದ್ದುಹೋದೀತೆಂಬ ಭಯಕ್ಕೆ ಹೊಡೆದದ್ದೇ ಹೊರತು ಗಿರಾಕಿಗಳ ಮೇಲಿನ ಮಮತೆಯಿಂದಲ್ಲ. ಆವತ್ತಿನಿಂದ ನನ್ನ ಫೋಟೋಗಳಲ್ಲಿ ಕಂಬಗಳು ಕಂಬದಂತೆಯೇ ಬರತೊಡಗಿದವು.

ಆದರೆ ಹೇಳಿದ ಸುಳ್ಳು ಅಷ್ಟರಲ್ಲಿ ನನ್ನನ್ನು ಬಿಟ್ಟು ತಾನೇ ಊರೂರು ತಿರುಗಿ, ತಳಿ, ಅಂಚೆಟ್ಟಿ ದಾಟಿ ಹೋಗಿತ್ತು. ಹೊಸೂರಿನಲ್ಲಿ ಒಬ್ಬನ ಹತ್ತಿರ ಡಬ್ಬವೊಂದಿದೆಯಂತೆ, ಕಣ್ಣಿಗೆ ಕಾಣದಷ್ಟು ಅಲ್ಲಾಡಿದರೂ ಹಿಡಿದುಹಾಕುತ್ತದಂತೆ!

ಆ ವರ್ಷ ರಾಗಿ ಕೊಯ್ಲು ಮುಗಿದು ಚಳಿ ಬಿದ್ದಿತ್ತು. ಸಂತೆಯ ದಿನ ಬೆಳಿಗ್ಗೆ ತಳಿ ಕಡೆಯ ಹಳ್ಳಿಯಿಂದ ಒಬ್ಬ ಮುದುಕರು ಅಂಗಡಿಯ ಜಗುಲಿ ಹತ್ತಿದರು. ತಲೆಗೆ ವಸ್ತ್ರ, ಹೆಗಲ ಮೇಲೆ ಕರಿ ಕಂಬಳಿ, ಕಂಕುಳಲ್ಲಿ ಬಟ್ಟೆ ಸುತ್ತಿದ ಗಂಟು.

"ಅಲ್ಲಾಡೋರ್ನ ಹಿಡಿಯೋ ಡಬ್ಬ ಇಲ್ಲೇನಾ ಸ್ವಾಮಿ ಇರೋದು?"

"ಇಲ್ಲೇ ಯಜಮಾನ್ರೇ, ಬನ್ನಿ, ಕೂತ್ಕೊಳ್ಳಿ" ಎಂದೆ. ಎದೆ ಒಂದು ಗೇಣು ಉಬ್ಬಿತ್ತು.

ಅವರು ಗಂಟು ಬಿಚ್ಚಿದರು. ಒಳಗೆ ಒಂದು ಬಳ್ಳ, ಅಂದರೆ ರಾಗಿ ಅಳೆಯುವ ಮರದ ಪಾತ್ರೆ. ಬಾಯಿಗೂ ಬುಡಕ್ಕೂ ಹಿತ್ತಾಳೆ ಪಟ್ಟಿ ಹೊಡೆದಿತ್ತು. ಕೈ ತಾಗಿ ತಾಗಿ ಪಟ್ಟಿ ಕನ್ನಡಿಯಾಗಿತ್ತು.

ಅವರ ಊರಿನಲ್ಲಿ ಯಾರ ಕಣದಲ್ಲಿ ರಾಗಿ ರಾಶಿ ಬಿದ್ದರೂ ಅಳೆಯುವವರು ಅವರೇ. ಅವರಪ್ಪನ ಕಾಲದಿಂದ ಬಂದದ್ದು. ಹೊಲದವರದು ಇಷ್ಟು, ಆಳಿನದು ಇಷ್ಟು, ಗುಡಿಗೆ ಇಷ್ಟು ಎಂದು ಅವರು ಬಳ್ಳ ತುಂಬಿ ಸುರಿದರೆ ಅಲ್ಲಿಗೆ ಮುಗಿಯಿತು, ಎರಡು ಮಾತಿಲ್ಲ. ಆದರೆ ಹಿಂದಿನ ವರ್ಷದಿಂದ ಊರಿನಲ್ಲಿ ಗುಸುಗುಸು ಎದ್ದಿತ್ತು. ಮುದುಕರ ಕೈ ನಡುಗುತ್ತದೆ, ಕಾಳು ಚೆಲ್ಲುತ್ತದೆ, ಒಬ್ಬರಿಗೆ ಹೆಚ್ಚು ಒಬ್ಬರಿಗೆ ಕಡಿಮೆ ಬೀಳುತ್ತದೆ ಅಂತ. ಈ ಸಲ ಬಳ್ಳವನ್ನು ಅವರ ತಮ್ಮನ ಮಗನಿಗೆ ಕೊಡಿಸಬೇಕೆಂದು ಕೆಲವರು ಮಾತಾಡಿಕೊಂಡಿದ್ದರು.

"ಮೊಕ ನೋಡಿ ಯಾರೂ ಅನ್ನಾಕಿಲ್ಲ ಸ್ವಾಮಿ, ಬೆನ್ನಿಂದೆ ಅಂತಾರೆ. ನಂಗೇನೋ ಬಳ್ಳ ಹಿಡ್ದಾಗ ಕೈ ನಿಂತಿರೋ ಹಂಗೇ ಕಾಣ್ತದೆ. ಆದ್ರೆ ನನ್ ಕೈನ ನಾನೇ ನೋಡಿ ಸರಿ ಐತೆ ಅಂದ್ರೆ ಅದು ಅಳತೆ ಆಯ್ತದಾ? ನಿಮ್ ಡಬ್ಬ ನೋಡಿ ಹೇಳ್ಲಿ. ನಿಂತೈತೆ ಅಂದ್ರೆ ಕಣದಾಗೆ ಎಲ್ರ ಮುಂದೆ ಮಡಗ್ತೀನಿ. ಅಲ್ಲಾಡ್ತದೆ ಅಂದ್ರೆ..."

ಬಳ್ಳ ಬಿಟ್ಟ ಬಲಗೈ ತೊಡೆಯ ಮೇಲೆ ಸಣ್ಣಗೆ ನಡುಗುತ್ತಿತ್ತು. ನಾನು ನೋಡಿದ್ದನ್ನು ನೋಡಿ ಕಂಬಳಿಯೊಳಕ್ಕೆ ಎಳೆದುಕೊಂಡರು.

ಆಗಲೇ ನಾನು ಬಾಯಿ ಬಿಡಬೇಕಿತ್ತು. ಯಜಮಾನ್ರೇ, ನನ್ನ ಡಬ್ಬ ಯಾರನ್ನೂ ಹಿಡಿಯುವುದಿಲ್ಲ, ಅದು ನನ್ನ ತಪ್ಪು ಮುಚ್ಚಿಕೊಳ್ಳಲು ಕಟ್ಟಿದ ಕಥೆ ಅನ್ನಬೇಕಿತ್ತು. ಹೇಳಲಿಲ್ಲ. ಸುತ್ತಮುತ್ತಲ ಹತ್ತು ಹಳ್ಳಿಯಲ್ಲಿ ನನ್ನ ಹೆಸರು ಓಡಾಡುತ್ತಿದೆ ಎಂಬ ಖುಷಿ ನೆತ್ತಿಗೇರಿತ್ತು. "ಸರಿಯಾದ ಜಾಗಕ್ಕೇ ಬಂದಿದ್ದೀರಿ" ಅಂದೆ.

ಅಂಗಡಿಯ ಹಿಂದೆಯೇ ನಮ್ಮ ಮನೆ. ಬಳ್ಳಕ್ಕೆ ತುಂಬಲು ಒಂದಿಷ್ಟು ರಾಗಿ ಕೇಳಲು ಹೋದೆ. ಹೆಂಡತಿ ಎಲ್ಲ ಕೇಳಿಸಿಕೊಂಡಿದ್ದಳು. ಮೊರದಲ್ಲಿ ರಾಗಿ ಹಾಕಿ ಕೊಡುತ್ತ, ದನಿ ತಗ್ಗಿಸಿ, "ಅದು ಅವರ ಮಾನದ ವಿಷಯ. ನಿಮ್ಮ ಚೊಂಬಿನ ಆಟ ಅಲ್ಲಿ ಬೇಡ. ಇದ್ದದ್ದು ಹೇಳಿ ಕಳಿಸಿಬಿಡಿ" ಅಂದಳು.

"ನಿನಗೇನು ಗೊತ್ತು ಲೆನ್ಸಿನ ವಿಷಯ?"

"ಲೆನ್ಸು ಗೊತ್ತಿಲ್ಲ. ನೀವು ಗೊತ್ತು."

ಅದನ್ನು ಕೇಳಿಸಿಕೊಳ್ಳದವನ ಹಾಗೆ ಬಂದುಬಿಟ್ಟೆ.

ಅಂಗಳದ ಬಿಸಿಲಿನಲ್ಲಿ ಅವರನ್ನು ಮಣೆಯ ಮೇಲೆ ಕೂರಿಸಿದೆ. ಬಳ್ಳದ ತುಂಬ ರಾಗಿ ತುಂಬಿ, ಅಂಗೈಯಿಂದ ಬಾಯಿ ಸವರಿ, ಎರಡೂ ಕೈಯಲ್ಲಿ ಎದೆಯ ಮಟ್ಟಕ್ಕೆ ಎತ್ತಿ ಹಿಡಿದರು. ನಾನು ಕರಿ ಬಟ್ಟೆಯೊಳಗೆ ಮುಳುಗಿ ಗಾಜಿನ ಮೇಲೆ ತಲೆಕೆಳಗಾಗಿ ಕಾಣುವ ಅವರನ್ನು ಚೂಪು ಮಾಡಿದೆ. ಷಟರು ಸಿಕ್ಕಿಸಿದೆ, ಪ್ಲೇಟು ಇಟ್ಟೆ, ಮೂರು ಭಾಷೆಯಲ್ಲಿ ಕೂಗಿದೆ, ಬುಡ್ಡೆ ಒತ್ತಿದೆ. ಪುಸ್ ಅಂತು. ಬಟ್ಟೆ ಇಳಿಯಿತು.

"ಆಯ್ತು" ಎಂದೆ.

"ಏನಾಯ್ತು?"

"ಫೋಟೋ. ಕಣ್ಣು ಮಿಟುಕಿಸೋಷ್ಟರಲ್ಲಿ ತೆಗೆದುಬಿಡುತ್ತೆ ಇದು!"

ಅವರು ಬಳ್ಳ ಇಳಿಸಲಿಲ್ಲ. ನನ್ನನ್ನೇ ನೋಡಿದರು.

"ಕಣ್ಣು ಮಿಟುಕ್ಸೋ ಹೊತ್ನಾಗೆ ಯಾರ್ ಕೈ ಆದ್ರೂ ನಿಂತಿರ್ತದೆ ಸ್ವಾಮಿ. ಗಾಳಿಗೆ ಅಲ್ಲಾಡೋ ಅರಳಿ ಎಲೆನೂ ನಿಂತಿರ್ತದೆ. ಅದ್ರಾಗೆ ಏನ್ ಸಾಕ್ಷಿ ಬಂತು? ಒಂದು ಬಳ್ಳ ತುಂಬಿ ಸುರಿಯೋ ಹೊತ್ತಾದ್ರೂ ನೋಡ್ಬೇಕಪ್ಪ ನಿಮ್ ಡಬ್ಬ."

ಹತ್ತು ವರ್ಷದಿಂದ ಈ ಕಸುಬು ಮಾಡುತ್ತಿದ್ದರೂ ಅಷ್ಟು ಸರಳವಾದ ಮಾತು ನನಗೆ ಹೊಳೆದಿರಲಿಲ್ಲ. ಬೇರೆ ಯಾರಾದರೂ ಆಗಿದ್ದರೆ, ಚೂಪಾಗಿ ಬಂದ ಫೋಟೋ ಕಂಕುಳಲ್ಲಿಟ್ಟುಕೊಂಡು ಕುಣಿಯುತ್ತ ಹೋಗುತ್ತಿದ್ದರು. ಇವರು ತಮ್ಮ ಪರವಾದ ಸಾಕ್ಷಿಯನ್ನೇ ಸುಳ್ಳು ಸಾಕ್ಷಿ ಅನ್ನುತ್ತಿದ್ದಾರೆ. ನನಗಾದರೋ ಒಂದು ಪ್ಲೇಟು ದಂಡವಾಯಿತಲ್ಲ ಅಂತ ಹೊಟ್ಟೆ ಉರಿಯಿತು.

ಸರಿ, ಷಟರು ಕಿತ್ತಿಟ್ಟೆ. ಅವರನ್ನು ಮಣೆ ಸಮೇತ ಜಗುಲಿಯ ನೆರಳಿಗೆ ತಂದೆ. ಬಿಸ್ಕತ್ತಿನ ಬಿಲ್ಲೆಗಳಲ್ಲಿ ಸಣ್ಣ ತೂತಿನದನ್ನು ಲೆನ್ಸಿನ ಸೀಳಿಗೆ ಇಳಿಸಿದೆ. ಇನ್ನು ಹಳೆಯ ಪದ್ಧತಿಯೇ, ಮುಚ್ಚಳ ತೆಗೆದು ಆರು ಎಣಿಸಿ ಮತ್ತೆ ಮುಚ್ಚುವುದು.

"ಎಣಿಸೋದು ನಾನೇ ಎಣಿಸ್ತೀನಿ" ಅಂದರು. "ಕಣದ ಎಣಿಕೆ ಇಲ್ದಿದ್ರೆ ಕೈಗೆ ಗ್ಯಾನ ಬರಾಕಿಲ್ಲ."

"ಬಾಯಿ ಅಲ್ಲಾಡಿದ್ರೆ ಮೀಸೆ ಮಸುಕಾಗುತ್ತೆ ಯಜಮಾನ್ರೇ."

"ಮೀಸೆ ಹೋದ್ರೆ ಹೋಗ್ಲಿ ಸ್ವಾಮಿ. ರಾಗಿ ಅಳೆಯೋದು ಮೀಸೇಲಲ್ಲ."

ಮುಚ್ಚಳ ತೆಗೆದೆ. ನಮ್ಮ ಕಡೆ ಕಣದಲ್ಲಿ ಮೊದಲ ಅಳತೆಗೆ ಒಂದು ಅನ್ನುವುದಿಲ್ಲ, ಲಾಭ ಅನ್ನುತ್ತಾರೆ. ಆಮೇಲೆ ಎರಡು, ಮೂರು. ಅದನ್ನೂ ಸುಮ್ಮನೆ ಅನ್ನುವುದಿಲ್ಲ. ಬಳ್ಳ ತುಂಬಿ ಸುರಿದು ಮುಗಿಯುವವರೆಗೂ ಅದೇ ಅಂಕಿಯನ್ನು ರಾಗವಾಗಿ ಎಳೆಯುತ್ತಾರೆ. ಇದು ನನಗೆ ಗೊತ್ತಿದ್ದ ವಿಷಯವೇ. ಆದರೆ ಮುಚ್ಚಳ ಕೈಯಲ್ಲಿ ಹಿಡಿದು ನಿಂತಾಗ ಮರೆತಿದ್ದೆ.

"ಲಾಭಾ... ಲಾಭಾ... ಲಾಭಾ..." ಅಂದರು ಅವರು, ತುಟಿ ಬಿಚ್ಚದೆ ಗಂಟಲಿನಲ್ಲೇ. "ಎರಡೂ... ಎರಡೂ..."

ನನ್ನ ಆರು ಮುಗಿದಾಗ ಅವರು ಇನ್ನೂ ಮೂರರಲ್ಲಿದ್ದರು. ನಡುವೆ ನಿಲ್ಲಿಸುವ ಧೈರ್ಯ ಬರಲಿಲ್ಲ. ಆ ಮುಖದಲ್ಲಿ ಅಂಥ ಏಕಾಗ್ರತೆ. ಆ ಕೈ ನಡುಗುತ್ತಿದೆಯೋ ಇಲ್ಲವೋ ಎಂದು ಕಣ್ಣು ಬಿಟ್ಟು ನೋಡಿದೆ, ತಿಳಿಯಲಿಲ್ಲ. ಮುಚ್ಚಳ ಹಿಡಿದ ನನ್ನ ಕೈಯಂತೂ ಚೆನ್ನಾಗಿಯೇ ನಡುಗುತ್ತಿತ್ತು. "ಆರೂ" ಎಂದ ಮೇಲೆ ಮುಚ್ಚಿದೆ. ಅವರು ಬಳ್ಳ ಇಳಿಸಿ ಉಸಿರು ಬಿಟ್ಟರು. ಮಣೆಯ ಸುತ್ತ ನೆಲದ ಮೇಲೆ ನಾಲ್ಕಾರು ಕಾಳು ರಾಗಿ ಬಿದ್ದಿತ್ತು. ಅವರು ನೋಡುವ ಮೊದಲು ಕಾಲಿನಿಂದ ಸರಿಸಿದೆ. ಮುಂದಿನ ಸಂತೆಗೆ ಬರುತ್ತೇನೆಂದು ಹೇಳಿ ಹೊರಟರು.

ಮಧ್ಯಾಹ್ನ ಬಚ್ಚಲುಮನೆಯ ಕಿಟಕಿಗೆ ಗೋಣಿ ಕಟ್ಟಿ, ಕೆಂಪು ದೀಪದಲ್ಲಿ ಪ್ಲೇಟು ತೊಳೆದೆ. ಒಣಗಿದ ಮೇಲೆ ಕಿಟಕಿಯ ಬೆಳಕಿಗೆ ಹಿಡಿದು ನೋಡಿದರೆ, ಅಬ್ಬಾ! ಜನ್ಮದಲ್ಲಿ ಅಂಥ ಪ್ಲೇಟು ನಾನು ಮಾಡಿರಲಿಲ್ಲ. ಹಣೆಯ ಗೆರೆ, ಕಂಬಳಿಯ ನೂಲು, ಬಳ್ಳದ ಪಟ್ಟಿಗೆ ಹೊಡೆದ ಮೊಳೆ ಒಂದೊಂದೂ ಎಣಿಸಬಹುದು. ಮೀಸೆಯೂ ಹೋಗಿರಲಿಲ್ಲ. ಎಡಗೈ ಬಳ್ಳದ ಬುಡದಲ್ಲಿ ಮರೆಯಾಗಿತ್ತು. ಬಲಗೈ ಮಾತ್ರ ಇರಲಿಲ್ಲ. ಮಣಿಕಟ್ಟಿನವರೆಗೆ ಸರಿಯಾಗಿ ಬಂದು, ಅಲ್ಲಿಂದ ಮುಂದೆ ಹೊಗೆಯಾಗಿತ್ತು.

ನನ್ನ ಬುದ್ಧಿ ಎಂಥದೆಂದು ಹೇಳಿಬಿಡುತ್ತೇನೆ. ಅದನ್ನು ನೋಡಿ ಮೊದಲು ನನಗೆ ಖುಷಿಯಾಯಿತು. ನಿಜವಾಗಿಯೂ ಹಿಡಿಯಿತಲ್ಲ ನನ್ನ ಡಬ್ಬ, ನಾನು ಹೇಳಿದ್ದು ನಿಜವಾಯಿತಲ್ಲ ಅಂತ! ಆಮೇಲೆ ಆ ಕಂಬಳಿಯೊಳಗೆ ಎಳೆದುಕೊಂಡ ಕೈ ನೆನಪಾಯಿತು. ನನ್ನ ಮೇಲೆ ನನಗೇ ಹೇಸಿಗೆಯಾಯಿತು.

ಹೇಸಿಗೆಯಾದವನು ಸುಮ್ಮನಿರಬೇಕಿತ್ತು. ಸುಮ್ಮನಿದ್ದರೆ ಅದು ನಾನು ಹೇಗಾದೇನು? ನಮ್ಮ ಕಸುಬಿನಲ್ಲಿ ಪ್ಲೇಟಿನ ಮೇಲೆ ಸೀಸದ ಕಡ್ಡಿಯಿಂದ ತಿದ್ದುವುದುಂಟು. ಸಿಡುಬಿನ ಕಲೆ ಅಳಿಸುವುದು, ಬಡಕಲು ಕೆನ್ನೆ ತುಂಬಿಸುವುದು. ಆ ಹೊಗೆಯೊಳಗೆ ಬೆರಳು ಬರೆದುಬಿಟ್ಟರೆ ಮುದುಕರ ಬಳ್ಳ ಉಳಿಯುತ್ತದೆ ಎಂದು ನಿರ್ಧಾರ ಮಾಡಿದೆ. ಪುಣ್ಯದ ಕೆಲಸ ಮಾಡುತ್ತಿದ್ದೇನೆಂದೇ ಅಂದುಕೊಂಡಿದ್ದೆ. ಎರಡು ದಿನ ಕಿಟಕಿಯ ಹತ್ತಿರ ಕೂತು, ಭೂತಗನ್ನಡಿ ಹಿಡಿದು ಬರೆದೆ. ಪ್ಲೇಟಿನಲ್ಲಿ ಎಲ್ಲ ಉಲ್ಟಾ, ಬಿಳಿ ಕಡೆ ಕಪ್ಪು, ಕಪ್ಪು ಕಡೆ ಬಿಳಿ, ಎಡ ಇದ್ದಲ್ಲಿ ಬಲ. ಒಂದು ಬೆರಳಿಗೆ ಗೆಣ್ಣು, ಇನ್ನೊಂದಕ್ಕೆ ಉಗುರು, ಹೆಬ್ಬೆರಳಿಗೊಂದು ಮಡಿಕೆ. ಅಚ್ಚು ಹಾಕಿ ನೋಡಿದಾಗ, ಬ್ರಹ್ಮನೂ ಇಷ್ಟು ಮುತುವರ್ಜಿಯಿಂದ ಮಾಡಿರಲಿಕ್ಕಿಲ್ಲ ಅನ್ನಿಸಿತು.

ಸಂತೆಯ ದಿನ ಅವರು ಬಂದರು. ಫೋಟೋವನ್ನು ಎರಡೂ ಕೈಯಿಂದ ಕೊಟ್ಟೆ. "ನೋಡಿ ಯಜಮಾನ್ರೇ, ಬಂಡೆ ನಿಂತ ಹಾಗೆ ನಿಂತಿದೆ ನಿಮ್ಮ ಕೈ!"

ಮೊದಲು ಆ ಮುಖ ಅರಳಿತು. ಆ ಸಂತೋಷ ನೋಡಿ ನನಗೂ ಕಣ್ಣು ತುಂಬಿತು. ಜಗುಲಿಯ ತುದಿಗೆ ಹೋಗಿ ಬೆಳಕಿನಲ್ಲಿ ಇನ್ನೊಮ್ಮೆ ನೋಡಿದರು. ಆಮೇಲೆ ತೋರುಬೆರಳನ್ನು ಫೋಟೋದ ಮೇಲೆ ಇಟ್ಟು, ರೂಢಿಯಂತೆ ಮೆಲ್ಲಗೆ ಶುರು ಮಾಡಿದರು.

"ಲಾಭ... ಎರಡು... ಮೂರು... ನಾಲ್ಕು... ಐದು..."

ನಿಂತರು. ತಮ್ಮ ಬಲಗೈ ಬಿಡಿಸಿ ನೋಡಿಕೊಂಡರು. ಮತ್ತೆ ಫೋಟೋ ನೋಡಿದರು.

"ಆರು."

ಅಯ್ಯೋ ದೇವರೇ! ನಾನು ಕಸಿದುಕೊಂಡು ಎಣಿಸಿದೆ. ಆರೇ. ನಾಲ್ಕು ಬೆರಳಿನ ಜಾಗದಲ್ಲಿ ಐದು ಬರೆದು, ಮೇಲೆ ಹೆಬ್ಬೆರಳನ್ನೂ ಸೇರಿಸಿದ್ದೆ. ಎರಡು ದಿನ ಒಂದೊಂದು ಬೆರಳನ್ನೂ ಮುದ್ದಿನಿಂದ ನೋಡಿದವನು ಒಂದು ಸಲವೂ ಒಟ್ಟಿಗೆ ಎಣಿಸಿರಲಿಲ್ಲ. ಅಂಥದ್ದನ್ನು, ಆಯುಷ್ಯವೆಲ್ಲ ಎಣಿಸುವುದನ್ನೇ ಕಸುಬು ಮಾಡಿಕೊಂಡವರ ಕೈಗೆ ತೆಗೆದುಕೊಂಡು ಹೋಗಿ ಇಟ್ಟಿದ್ದೆ.

ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ನಲವತ್ತು ವರ್ಷದಾಗೆ ಯಾರ್ಗೂ ಒಂದು ಹಿಡಿ ಹೆಚ್ಗೆ ಹಾಕಿಲ್ಲ ಸ್ವಾಮಿ ನಾನು. ನೀವು ಒಂದು ಬೆರಳೇ ಹೆಚ್ಗೆ ಹಾಕ್ಬುಟ್ರಲ್ಲ" ಅಂದರು. "ಹಂಗಾದ್ರೆ ನನ್ ಕೈ ಬಂದಿರ್ಲಿಲ್ಲ ಅನ್ನಿ" ಅಂದರು.

ಬಾಗಿಲ ಹತ್ತಿರ ನಿಂತಿದ್ದ ಹೆಂಡತಿ, "ಇಲ್ಲ ತಾತ, ಬಂದಿರಲಿಲ್ಲ" ಅಂದಳು.

"ನೀನಾದ್ರೂ ಹೇಳ್ದೆಯಲ್ಲ ತಾಯಿ" ಅಂದವರು ನನ್ನ ಕಡೆ ತಿರುಗಿದರು. "ನೀವು ಬರ್ದಿರೋದ್ನ ಅಳಿಸ್ಬುಟ್ಟು, ಡಬ್ಬ ಏನ್ ಕಂಡೈತೋ ಅದ್ನ ಕೊಡಿ ಸ್ವಾಮಿ."

ಹತ್ತಿಗೆ ಟರ್ಪೆಂಟೈನ್ ಅದ್ದಿ ಪ್ಲೇಟು ಒರೆಸಿದೆ. ಎರಡು ದಿನದ ಬೆರಳುಗಳು ಎರಡು ನಿಮಿಷದಲ್ಲಿ ಹೋದವು. ಪ್ಲೇಟಿನ ಮೇಲೆ ಕಾಗದವಿಟ್ಟು ಚೌಕಟ್ಟಿಗೆ ಸಿಕ್ಕಿಸಿ ಅಂಗಳದ ಬಿಸಿಲಿಗೆ ಇಟ್ಟೆ. ಆಗಿನ ಆ ಕಾಗದ ಬಿಸಿಲಿಗೆ ಕಾದಂತೆ ಕಣ್ಣೆದುರೇ ಕಪ್ಪಾಗುತ್ತ ಚಿತ್ರ ಮೂಡುತ್ತಿತ್ತು. ಅವರು ಅದರ ಪಕ್ಕದಲ್ಲೇ ಕುಕ್ಕುರುಗಾಲಲ್ಲಿ ಕೂತರು. ನಡುನಡುವೆ ನೆರಳಿಗೆ ತಂದು ಚೌಕಟ್ಟಿನ ಹಿಂಬದಿ ತೆರೆದು ತೋರಿಸಿದೆ. ಮೊದಲು ತಲೆವಸ್ತ್ರದ ಅಂಚು ಬಂತು, ಆಮೇಲೆ ಹಣೆ, ಕಂಬಳಿ, ಪಟ್ಟಿಯ ಮೊಳೆಗಳು.

"ಕೈ ಇನ್ನೂ ಬಂದಿಲ್ವಲ್ಲ. ಒಸಿ ಹೊತ್ತು ಬಿಸ್ಲಿಗೆ ಮಡಗಿ" ಅಂದರು.

ಇಟ್ಟೆ. ಬರುವುದಿಲ್ಲವೆಂದು ಗೊತ್ತಿದ್ದೂ ಇಟ್ಟೆ. ಇನ್ನೊಮ್ಮೆ ತೆರೆದಾಗ ಮುಖ ಕಪ್ಪಾಗುತ್ತ ಬಂದಿತ್ತು.

"ಸಾಕು ತೆಗೀರಿ. ಮೊಕನೂ ಹೊಂಟೋಯ್ತದೆ." ಎದ್ದು ನಿಂತು ಮೊಣಕಾಲು ಕೊಡವಿಕೊಂಡರು. "ಇನ್ನು ಐದು ದಿನಕ್ಕೆ ನಮ್ಮೂರಾಗೆ ಮೊದಲ್ನೇ ಕಣ. ನೀವೂ ಬರ್ಬೇಕು. ಡಬ್ಬದ ಕಡೆಯೋರು ಒಬ್ರು ಇರ್ಬೇಕು."

ಹೋಗದೆ ಇರಲು ನಾಲ್ಕು ನೆಪ ಹುಡುಕಿದೆ. ಹೆಂಡತಿ ನಾಲ್ಕನ್ನೂ ಒಪ್ಪಲಿಲ್ಲ. ಐದನೆಯ ದಿನ ಸಿಕ್ಕ ಗಾಡಿ ಹತ್ತಿ ಹೋದೆ.

ಸಾರಿಸಿದ ಕಣದ ನಡುವೆ ರಾಗಿಯ ರಾಶಿ. ಸುತ್ತ ಊರಿನ ಹತ್ತಿಪ್ಪತ್ತು ಜನ. ತಮ್ಮನ ಮಗ ಮೂವತ್ತರ ಗಟ್ಟಿ ಆಳು, ಎಲ್ಲರಿಂದ ದೂರ ನಿಂತು ನೆಲ ನೋಡುತ್ತಿದ್ದ. ಮುದುಕರು ಬಳ್ಳವನ್ನು ರಾಶಿಯ ಪಕ್ಕದಲ್ಲಿಟ್ಟು, ಫೋಟೋ ತೆಗೆದು ಮೊದಲನೆಯವರ ಕೈಗೆ ಕೊಟ್ಟರು. ಬಳ್ಳ ಹಿಡಿದ ನನ್ನ ಕೈ ನಿಂತಿದೆಯೋ ಇಲ್ಲವೋ ನೋಡಿ ಎಂದರು. ಅದು ಕೈಯಿಂದ ಕೈಗೆ ಹೋಯಿತು. ಒಂದು ವರ್ಷದಿಂದ ಬೆನ್ನ ಹಿಂದೆ ಮಾತಾಡಿದವರಿಗೆಲ್ಲ ಈಗ ಮುಖ ಎತ್ತಲಾಗಲಿಲ್ಲ.

ಕೊನೆಗೆ ಒಬ್ಬ ಹಿರಿಯರು, "ಅಣ್ಣ, ಇದು ಡಬ್ಬದ ದೋಸ ಇದ್ರೂ ಇರ್ಬೋದು. ಹಳೇ ಡಬ್ಬ ಅಂತೆ. ಅದ್ರ ಕಣ್ಗೆ ಪೊರೆ ಬಂದಿರ್ತದೆ" ಅಂದರು.

"ಹೂಂ ಮತ್ತೆ, ಈ ಒಂದು ವರ್ಷ ನೀನೇ ಅಳ್ದುಬುಡಣ್ಣ" ಅಂದ ಇನ್ನೊಬ್ಬ. "ಏನ್ ಸ್ವಾಮಿ, ಡಬ್ಬದ ದೋಸ ತಾನೇ?"

ಎಲ್ಲರೂ ನನ್ನ ಕಡೆ ತಿರುಗಿದರು.

ಹತ್ತು ವರ್ಷದಲ್ಲಿ ಯಾರೆದುರಿಗೂ ಒಪ್ಪದಿದ್ದುದನ್ನು ಆ ಕಣದಲ್ಲಿ ಒಪ್ಪಿದೆ. "ಹೌದು. ಲೆನ್ಸು ಹಳೆಯದು, ನಮ್ಮಪ್ಪನಿಗಿಂತ ಹಳೆಯದು. ಬಿಲ್ಲೆ ಬಿಸ್ಕತ್ತಿನ ಡಬ್ಬಿಯದು. ಹಲಗೆ ಸಡಿಲವಾಗಿತ್ತು, ನಾನೇ ಮೊಳೆ ಹೊಡೆದದ್ದು. ಕಲ್ಲುಕಂಬವನ್ನೂ ಮಸುಕಾಗಿ ತೆಗೆದವನು ನಾನು. ಇದನ್ನು ನಂಬಬೇಡಿ" ಎಂದೆ. ಒಂದೊಂದು ಮಾತೂ ನಿಜ. ಒಟ್ಟು ಸೇರಿಸಿದರೆ ಮಾತ್ರ ಸುಳ್ಳು.

ಜನ ಉಸಿರು ಬಿಟ್ಟರು. ಮುದುಕರು ಮೊದಲ ಸಲ ನಕ್ಕರು.

"ಸ್ವಾಮೇರು ಒಳ್ಳೇವ್ರು. ಆದ್ರೆ ಅಳತೆಗೆ ಬರಾಕಿಲ್ಲ" ಅಂದರು. "ನೋಡ್ರಪ್ಪಾ, ನನ್ ಮೊಕ ಬಂದೈತೆ. ಪಟ್ಟಿ ಮ್ಯಾಲಿನ ಮೊಳೆ ಎಣಿಸ್ಬೋದು. ಅಷ್ಟೆಲ್ಲ ಕಂಡ ಕಣ್ಗೆ ಕೈ ಒಂದೇ ಕಾಣ್ಲಿಲ್ವಾ? ಪೊರೆ ಬಂದಿರೋದು ನಂಗೆ." ತಮ್ಮನ ಮಗನ ಕಡೆ ತಿರುಗಿದರು. "ಬಾರ್ಲಾ ಇಲ್ಲಿ."

"ಬ್ಯಾಡ ದೊಡ್ಡಪ್ಪ. ನಾನು ಬಳ್ಳ ಕೇಳಿರ್ಲಿಲ್ಲ" ಅಂದ ಅವನು.

"ನಂಗೊತ್ತು ಕಣ್ಲಾ. ಬಾ, ಕೂತ್ಕ."

ಅವನು ಬಂದು ರಾಶಿಯ ಮುಂದೆ ಕೂತ. ಬಳ್ಳ ತುಂಬಿ, ಬಾಯಿ ಸವರಿ, ಎತ್ತಿದ. ಇಡೀ ಊರು ಅವನ ಕೈಯನ್ನೇ ನೋಡುತ್ತಿತ್ತು. ಎತ್ತಿದ ಕೈ ಗಡಗಡ ನಡುಗಿ, ರಾಗಿ ಸುತ್ತ ಚೆಲ್ಲಿತು. ಮುದುಕರ ಕೈಯಿಂದ ಜಗುಲಿಯಲ್ಲಿ ಬಿದ್ದದ್ದಕ್ಕಿಂತ ಎಷ್ಟೋ ಹೆಚ್ಚು ಚೆಲ್ಲಿತು. ಯಾರೂ ನಗಲಿಲ್ಲ.

"ನನ್ ಕೈನೂ ನಡುಗ್ತೈತಲ್ಲ ದೊಡ್ಡಪ್ಪ" ಅಂದ.

ಮುದುಕರು ಅವನ ಪಕ್ಕದಲ್ಲಿ ಕೂತು, ಚೆಲ್ಲಿದ ಕಾಳನ್ನು ರಾಶಿಗೆ ಸರಿಸಿದರು.

"ನಡುಗ್ಲಿ ಬಿಡ್ಲಾ. ನಮ್ಮಪ್ಪ ಬಳ್ಳ ಕೊಟ್ಟ ದಿನ ನಂದೂ ಹಿಂಗೇ ನಡುಗ್ತು. ನಿಂದು ನಾಳಿಕ್ಕೆ ನಿಲ್ತದೆ. ನಂದು ಇನ್ನು ನಿಲ್ಲಾಕಿಲ್ಲ. ಹೂಂ, ತುಂಬು."